ಕಾವಳದ ದಾರಿಯಲ್ಲಿ ಬಣ್ಣಗೆಟ್ಟ ದೀಪಗಳು: ಸಾರಿಗೆ ಅಧಿಕಾರಿಗಳಿಗೆ ಬಹಿರಂಗ ಪತ್ರ

ಗೆ,
ಪ್ರಾದೇಶಿಕ ಸಾರಿಗೆ ಅಧಿಕಾರಿಗಳು,
ಚಿಕ್ಕಮಗಳೂರು ಜಿಲ್ಲೆ

ಪ್ರತಿ: ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಹಾಗೂ ಕಾರು ಅಲಂಕಾರ ಸಾಮಗ್ರಿ ಮಾರುವ ಜಿಲ್ಲೆಯ ಎಲ್ಲ ಅಂಗಡಿಯವರಿಗೆ

ವಿಷಯ: ವಾಹನಗಳ ಹೊರದೀಪಗಳ ಬಣ್ಣ ಬದಲಾವಣೆ ಮತ್ತು ಅದರ ತಪಾಸಣೆ ಕುರಿತು

ಮಾನ್ಯರೇ,

ಮುಂಗಾರಿನಲ್ಲಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವವರಿಗೆ ಕಾವಳ ಹೊಸದಲ್ಲ. ಹಗಲು ಹೊತ್ತಿನಲ್ಲೇ ರಸ್ತೆ ಮುಚ್ಚಿಕೊಂಡು, ಹತ್ತು ಮಾರು ಮುಂದಿನ ಲಾರಿಯ ಆಕಾರವೂ ಕಾಣದಂತಾಗುತ್ತದೆ. ಆಗ ಚಾಲಕನ ಕೈಯಲ್ಲಿ ಉಳಿಯುವ ಗುರುತು ಬಣ್ಣವೊಂದೇ. ಕೆಂಪು ಕಂಡರೆ ಅದು ನಮ್ಮ ದಾರಿಯಲ್ಲೇ ಮುಂದೆ ಹೋಗುತ್ತಿರುವ ಗಾಡಿಯ ಬೆನ್ನು. ಬಿಳಿ ಕಂಡರೆ ಎದುರಿನಿಂದ ಬರುತ್ತಿರುವ ಗಾಡಿ. ಕಿತ್ತಳೆ ಮಿನುಗಿದರೆ ಯಾರೋ ತಿರುಗುತ್ತಿದ್ದಾರೆ ಅಥವಾ ಕೆಟ್ಟು ನಿಂತಿದ್ದಾರೆ. ಗಾಡಿ ಯಾವುದು, ಎಷ್ಟು ದೂರದಲ್ಲಿದೆ ಎಂಬುದು ತಿಳಿಯುವ ಮೊದಲೇ ಕಾಲು ಬ್ರೇಕಿನ ಮೇಲೆ ಹೋಗುವುದು ಈ ಮೂರು ಬಣ್ಣಗಳ ನಂಬಿಕೆಯಿಂದ.

ಆ ನಂಬಿಕೆ ಈಗ ಕೆಡುತ್ತಿದೆ. ಹಿಂದಿನ ಇಂಡಿಕೇಟರ್ ಬಿಳಿಯಾಗಿ ಮಿನುಗುವ ಕಾರುಗಳು, ಬ್ರೇಕ್ ಲೈಟಿನ ಮೇಲೆ ಕಪ್ಪು ಸ್ಮೋಕ್ ಫಿಲ್ಮ್ ಅಂಟಿಸಿಕೊಂಡ ಕಾರುಗಳು, ನೀಲಿ ಪಾರ್ಕಿಂಗ್ ಲೈಟಿನವು, ಮುಂದಿನ ಗ್ರಿಲ್ ಒಳಗೆ ಕೆಂಪು ಪಟ್ಟಿ ಉರಿಸಿಕೊಂಡು ಬರುವಂಥವು ಮೂಡಿಗೆರೆ ರಸ್ತೆಯಲ್ಲೂ ಮುಳ್ಳಯ್ಯನಗಿರಿಯ ತಿರುವುಗಳಲ್ಲೂ ದಿನನಿತ್ಯ ಕಾಣುತ್ತವೆ. ವಾಹನಗಳ ವೈರಿಂಗ್ ಕೆಲಸವನ್ನೇ ಕಸುಬು ಮಾಡಿಕೊಂಡ ನಾವು ಈ ಪತ್ರ ಬರೆಯುತ್ತಿರುವುದು ಎರಡು ಕಾರಣಕ್ಕೆ. ಯಾವ ದೀಪದ ಬಣ್ಣ ಬದಲಿಸಬಹುದು, ಯಾವುದನ್ನು ಮುಟ್ಟಲೇಬಾರದು ಎಂದು ಮಾಲೀಕರಿಗೆ ಯಾರೂ ಬಿಡಿಸಿ ಹೇಳುತ್ತಿಲ್ಲ. ದಂಡ ಬೀಳುವುದು ರಸ್ತೆಯಲ್ಲಿ ಸಿಕ್ಕಿಬಿದ್ದವರಿಗೆ. ತಪ್ಪು ಸಾಮಾನು ಮಾರಿದ ಅಂಗಡಿ ಮಾತ್ರ ಮರುದಿನವೂ ಅದನ್ನೇ ಮಾರುತ್ತದೆ.

ಕಾನೂನಿನ ಮಾತು ತಮಗೆ ತಿಳಿಯದ್ದಲ್ಲ. ಓದುಗರಿಗಾಗಿ ಇಲ್ಲಿ ಚುಟುಕಾಗಿ ಹೇಳುತ್ತೇವೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 105ರ ಪ್ರಕಾರ ಮುಂದಿನ ದೀಪ 155 ಮೀಟರ್ ದೂರದಿಂದ ಕಾಣುವ ಬಿಳಿ ಬೆಳಕು ಕೊಡಬೇಕು, ಹಿಂದಿನದು ಅಷ್ಟೇ ದೂರದಿಂದ ಕಾಣುವ ಕೆಂಪು. ನಂಬರ್ ಪ್ಲೇಟಿನ ದೀಪ ಬಿಳಿ. ನಿಯಮ 102ರಂತೆ ಇಂಡಿಕೇಟರ್ ಕಿತ್ತಳೆ ಬಣ್ಣದ್ದೇ ಆಗಿರಬೇಕು, ನಿಮಿಷಕ್ಕೆ 60ಕ್ಕಿಂತ ಕಡಿಮೆಯಿಲ್ಲದೆ 120ಕ್ಕಿಂತ ಹೆಚ್ಚಿಲ್ಲದೆ ಮಿನುಗಬೇಕು. ನಿಯಮ 108 ಇನ್ನೂ ನೇರ: ಮುಂದಕ್ಕೆ ಕೆಂಪು ಬೆಳಕು ಕೂಡದು, ಹಿಂದಕ್ಕೆ ಕೆಂಪಲ್ಲದ ಬೆಳಕು ಕೂಡದು. ಇಂಡಿಕೇಟರ್, ರಿವರ್ಸ್ ಲೈಟ್, ನಂಬರ್ ಪ್ಲೇಟ್ ದೀಪಗಳಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಮಂತ್ರಿಗಳ ಕಾರಿನ ಕೆಂಪು ದೀಪವೇ 2017ರ ಮೇ 1ರಿಂದ ಇಳಿದುಹೋಗಿದೆ. ಹೀಗಿರುವಾಗ ಪ್ರವಾಸಕ್ಕೆ ಬಂದ ಕಾರಿನ ಗ್ರಿಲ್ಲಿನಲ್ಲಿ ಕೆಂಪು–ನೀಲಿ ಮಿಂಚುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆಂಬುಲೆನ್ಸ್ ಬಂತೆಂದು ಘಾಟಿಯ ತಿರುವಿನಲ್ಲಿ ಎಡಕ್ಕೆ ಸರಿದು ದಾರಿ ಬಿಟ್ಟವರು ಚರಂಡಿಗೆ ಇಳಿದರೆ ಹೊಣೆ ಯಾರದು?

ಆದರೆ ಜನ ದೀಪದ ಬಣ್ಣ ಬದಲಿಸಲು ಹೊರಡುವುದು ಶೋಕಿಗೆ ಮಾತ್ರವಲ್ಲ. ಬಹುಪಾಲು ಮಂದಿ ‘ಬೆಳಕು ಸಾಲುತ್ತಿಲ್ಲ’ ಎಂಬ ದೂರಿನೊಂದಿಗೆ ಅಂಗಡಿ ಹತ್ತುತ್ತಾರೆ. ‘ನಿಮ್ಮದು ಹಳದಿ ಬಲ್ಬು ಸಾರ್, ಬಿಳಿ ಹಾಕಿಸಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಬೆಳಕು ಯಾಕೆ ಕಡಿಮೆಯಾಯಿತು ಎಂದು ನೋಡುವವರೇ ಇಲ್ಲ.

ಕಾರಣ ಹೆಚ್ಚಾಗಿ ಬಲ್ಬಿನ ಬಣ್ಣದಲ್ಲಿ ಇರುವುದಿಲ್ಲ. ಎಂಜಿನ್ ಚಾಲೂ ಇಟ್ಟು, ಹೆಡ್‌ಲೈಟ್ ಉರಿಸಿ, ಮಲ್ಟಿಮೀಟರಿನಿಂದ ಮೊದಲು ಬ್ಯಾಟರಿಯಲ್ಲಿ, ಆಮೇಲೆ ಬಲ್ಬಿನ ಹೋಲ್ಡರಿನಲ್ಲಿ ಅಳೆಯಬೇಕು. ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದು ಹೋಲ್ಡರಿನಲ್ಲಿ 12.3 ಬಂದರೆ ಒಂದೂವರೆ ವೋಲ್ಟ್ ದಾರಿಯಲ್ಲೇ, ತುಕ್ಕು ಹಿಡಿದ ಅರ್ಥ್ ಬೋಲ್ಟಿನಲ್ಲೋ (ಮೈನಸ್ ವೈರನ್ನು ಗಾಡಿಯ ಬಾಡಿಗೆ ಬಿಗಿಯುವ ಬೋಲ್ಟು) ಸುಟ್ಟ ಕಪ್ಲರಿನಲ್ಲೋ (ವೈರುಗಳನ್ನು ಜೋಡಿಸುವ ಗುಬಟು) ಸವೆದ ಸ್ವಿಚ್ಚಿನಲ್ಲೋ ಸೋರಿಹೋಗುತ್ತಿದೆ ಎಂದರ್ಥ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಶೇ. 10ರಷ್ಟು ಇಳಿದರೆ ಬೆಳಕು ಸುಮಾರು ಶೇ. 30ರಷ್ಟು ಇಳಿಯುತ್ತದೆ, ಬಣ್ಣವೂ ಕೆಂಪಗೆ ಮಂಕಾಗುತ್ತದೆ. ಮಲೆನಾಡಿನ ಮಳೆಯಲ್ಲಿ ವರ್ಷಗಟ್ಟಲೆ ನೆನೆದ ಗಾಡಿಗಳಲ್ಲಿ ಅರ್ಥ್ ಬೋಲ್ಟ್ ಬಿಚ್ಚಿ, ಮರಳು ಕಾಗದದಲ್ಲಿ ಉಜ್ಜಿ, ಗ್ರೀಸ್ ಹಚ್ಚಿ ಬಿಗಿದರೆ ಎಷ್ಟೋ ಸಲ ಹೊಸ ಬಲ್ಬಿನ ಮಾತೇ ಬರುವುದಿಲ್ಲ. ಹಳೆಯ ಜೀಪು, ಪಿಕಪ್‌ಗಳಿಗಾದರೆ ಹೆಡ್‌ಲೈಟಿಗೆ ಪ್ರತ್ಯೇಕ ರಿಲೇ, ಅಂದರೆ ಸ್ವಿಚ್ಚಿನ ಸಣ್ಣ ಕರೆಂಟಿನಿಂದ ದೀಪದ ದೊಡ್ಡ ಕರೆಂಟನ್ನು ಹರಿಸುವ ಪುಟ್ಟ ಪೆಟ್ಟಿಗೆ, ಹಾಕಬಹುದು. ದೀಪಗಳನ್ನು ಕಂಪ್ಯೂಟರ್ ಮಾಡ್ಯೂಲ್ ನಿಯಂತ್ರಿಸುವ ಈಚಿನ ಕಾರುಗಳಲ್ಲಿ ಆ ಕೆಲಸಕ್ಕೆ ಕೈ ಹಾಕಬಾರದು.

ಎರಡನೆಯ ಕಾರಣ ಡೂಮ್, ಅಂದರೆ ಮುಂದೆ ಪಾರದರ್ಶಕ ಹೊದಿಕೆಯಿರುವ ಹೆಡ್‌ಲೈಟಿನ ಗೂಡು. ಪ್ಲಾಸ್ಟಿಕ್ ಡೂಮ್ ಬಿಸಿಲಿಗೆ ಹಳದಿಗಟ್ಟಿದಾಗ ಒಳಗೆ ಯಾವ ಬಲ್ಬು ಹಾಕಿದರೂ ಬೆಳಕು ಚದುರುತ್ತದೆ. 800, 1000, 2000, 3000 ನಂಬರಿನ ನೀರುಕಾಗದದಲ್ಲಿ ಕ್ರಮವಾಗಿ ಉಜ್ಜಿ, ಪಾಲಿಶ್ ಮಾಡಿ, ಕೊನೆಗೆ ಬಿಸಿಲಿನ ನೇರಳಾತೀತ ಕಿರಣ ತಡೆಯುವ ಕ್ಲಿಯರ್ ಕೋಟ್ ಹೊಡೆಯಬೇಕು. ಈ ಕೊನೆಯ ಹಂತವನ್ನು ಬಿಟ್ಟುಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ.

ಈಗ ಆ ‘ಬಿಳಿ ಬಲ್ಬಿ’ನ ವಿಷಯಕ್ಕೆ ಬರೋಣ. ಒಂದು ಎಚ್4 ಹ್ಯಾಲೊಜೆನ್ ಬಲ್ಬನ್ನು ಬೆಳಕಿಗೆ ಹಿಡಿದು ನೋಡಿ. ಗಾಜಿನೊಳಗೆ ಎರಡು ಸುರುಳಿ ತಂತಿಗಳಿವೆ: ಬ್ರೈಟಿಗೆ 60 ವಾಟ್, ಡಿಮ್ಮಿಗೆ 55 ವಾಟ್. ಡಿಮ್ ತಂತಿಯ ಕೆಳಗೆ ಉಗುರಿನಷ್ಟು ಅಗಲದ ಲೋಹದ ಪುಟ್ಟ ದೊನ್ನೆಯೊಂದು ಕೂತಿದೆ. ಎದುರಿನವರ ಕಣ್ಣು ಕಾಯುವುದು ಆ ದೊನ್ನೆಯೇ. ಡಿಮ್ಮಿನ ಬೆಳಕು ರಿಫ್ಲೆಕ್ಟರಿನ ಕೆಳಭಾಗಕ್ಕೆ ಬಿದ್ದು ಮೇಲಕ್ಕೆ ಚಿಮ್ಮದಂತೆ ಅದು ತಡೆಯುತ್ತದೆ. ತಂತಿ ಇರುವ ಜಾಗ ಒಂದು ಮಿಲಿಮೀಟರ್ ಆಚೀಚೆ ಆದರೂ ರಸ್ತೆಯ ಮೇಲಿನ ಬೆಳಕಿನ ಗೆರೆ ಕೆಡುತ್ತದೆ. ಆ ರಿಫ್ಲೆಕ್ಟರನ್ನು ಅಳೆದು ಮಾಡಿರುವುದು ಈ ತಂತಿಗಾಗಿ. ಅದೇ ಗೂಡಿಗೆ ಎರಡು ಪಕ್ಕದಲ್ಲಿ ಚಪ್ಪಟೆ ಚಿಪ್ ಇರುವ ಎಲ್‌ಇಡಿ ತುರುಕಿದಾಗ ಬೆಳಕಿನ ಮೂಲದ ಆಕಾರವೇ ಬೇರೆ, ಜಾಗವೂ ಬೇರೆ. ಚಾಲಕನಿಗೆ ಬಾನೆಟ್ಟಿನ ಮುಂದೆ ಬೆಳ್ಳಗೆ ಕಾಣುವುದರಿಂದ ಚೆನ್ನಾಗಿದೆ ಎನಿಸುತ್ತದೆ. ದೂರದ ತಿರುವಿನಲ್ಲಿ ಬೆಳಕು ಮೊದಲಿಗಿಂತ ಕಡಿಮೆಯಾಗಿರುತ್ತದೆ, ಎದುರಿನ ಬೈಕ್ ಸವಾರನಿಗೆ ಕಣ್ಣು ಕತ್ತಲಿಡುತ್ತದೆ. ಎಚ್‌ಐಡಿ ಕಿಟ್ಟಿಗೂ (ಸುರುಳಿ ತಂತಿಯ ಬದಲು ಅನಿಲದಲ್ಲಿ ಕರೆಂಟ್ ಹಾಯಿಸಿ ಬೆಳಗುವ ಬಲ್ಬು) ಇದೇ ಮಾತು.

ಎಲ್‌ಇಡಿ ಬಲ್ಬೇ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಕಂಪನಿಯಿಂದಲೇ ಎಲ್‌ಇಡಿ ಡೂಮ್ ಕೂರಿಸಿಕೊಂಡು ಬಂದ ಕಾರಿನಲ್ಲಿ ರಿಫ್ಲೆಕ್ಟರ್, ಲೆನ್ಸ್ ಎಲ್ಲವೂ ಆ ಚಿಪ್ಪಿಗಾಗಿಯೇ ತಯಾರಾಗಿರುತ್ತವೆ. ಜರ್ಮನಿಯಲ್ಲಿ 2020ರಿಂದ ಬದಲಿ ಎಲ್‌ಇಡಿ ಬಲ್ಬಿಗೆ ಒಪ್ಪಿಗೆ ಸಿಕ್ಕಿದ್ದು ಕೂಡ ಪರೀಕ್ಷೆಗೊಳಪಟ್ಟ ಇಂತಿಂಥ ಕಾರು ಮಾದರಿಗೆ ಮಾತ್ರ ಎಂಬ ಕಟ್ಟುನಿಟ್ಟಿನಲ್ಲಿ. ನಮ್ಮಲ್ಲಿ ಒಂದೇ ಡಬ್ಬಿಯ ಬಲ್ಬು ಎಲ್ಲ ಗಾಡಿಗೂ ಹೊಂದುತ್ತದೆಂದು ಮಾರುತ್ತಾರೆ.

ನೀಲಿ ಛಾಯೆಯ ಹ್ಯಾಲೊಜೆನ್ ಬಲ್ಬಿನ ಮೋಸ ಇನ್ನೊಂದು ಬಗೆಯದು. ಗಾಜಿಗೆ ಬಳಿದ ನೀಲಿ ಲೇಪ ಹಳದಿ, ಕೆಂಪು ಬೆಳಕನ್ನು ಒಳಗೇ ನುಂಗಿಬಿಡುತ್ತದೆ; ಹೊರಬರುವ ಬೆಳಕು ಬೆಳ್ಳಗಿದ್ದರೂ ಒಟ್ಟು ಪ್ರಮಾಣ ಕಡಿಮೆ. ಆ ಕೊರತೆ ತುಂಬಲು 100/90 ವಾಟಿನದ್ದನ್ನು ಕೊಡುತ್ತಾರೆ. ಲೆಕ್ಕ ನೋಡಿ: 55 ವಾಟಿನ ಎರಡು ಬಲ್ಬು 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತವೆ, 90 ವಾಟಿನ ಎರಡು 15 ಆಂಪಿಯರ್. ವೈರಿನ ಗೇಜ್ (ದಪ್ಪ) ಅದೇ, ಹೋಲ್ಡರ್ ಅದೇ. ಮೊದಲು ಫ್ಯೂಸ್ ಹೋಗುತ್ತದೆ. ಆಗ 15ರ ಜಾಗಕ್ಕೆ 30 ಆಂಪಿಯರ್ ಫ್ಯೂಸ್ ಹಾಕಿಕೊಡುತ್ತಾರೆ. ಅಲ್ಲಿಗೆ ಫ್ಯೂಸಿನ ಕೆಲಸವನ್ನು ವೈರೇ ಮಾಡಬೇಕಾಗುತ್ತದೆ. ಹೋಲ್ಡರ್ ಬಿಚ್ಚಿದಾಗ ಬಿಳಿ ಪ್ಲಾಸ್ಟಿಕ್ ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿ, ಒಳಗಿನ ಪಿನ್ ಸಡಿಲವಾಗಿ, ಬಲ್ಬಿನ ಮೇಲ್ಭಾಗದ ರಿಫ್ಲೆಕ್ಟರ್ ಬೆಳ್ಳಿಹೊಳಪು ಕಳೆದುಕೊಂಡು ಮಬ್ಬಾಗಿದ್ದರೆ ಅದು ಈ ಬಲ್ಬಿನದೇ ಕೆಲಸ. ಅಷ್ಟರಲ್ಲಿ ಡೂಮೇ ಬದಲಿಸುವ ಖರ್ಚು ಮಾಲೀಕನ ತಲೆಗೆ ಬಿದ್ದಿರುತ್ತದೆ.

ಹಾಗಾದರೆ ಕಾವಳಕ್ಕೆ ಏನು ಮಾಡಬೇಕು? ಇಲ್ಲಿ ಬಣ್ಣ ಬದಲಿಸಲು ನ್ಯಾಯವಾದ ಅವಕಾಶವಿದೆ, ಅದು ಮುಂದಿನ ಫಾಗ್ ಲ್ಯಾಂಪು. ಅದು ಬಿಳಿಯಾಗಿಯೂ ಇರಬಹುದು, ಹಳದಿಯಾಗಿಯೂ ಇರಬಹುದು. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಎಂಬ ಮಾತು ಪೂರ್ತಿ ಸರಿಯಲ್ಲ. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಬಹಳ ದೊಡ್ಡವಾದ್ದರಿಂದ ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಸಮ ಚದುರಿಸುತ್ತವೆ. ನೀಲಿ ಅಂಶ ತೆಗೆದ ಬೆಳಕಿನಲ್ಲಿ ಕಣ್ಣಿಗೆ ಕುಕ್ಕುವುದು ಕಡಿಮೆ ಎಂಬಷ್ಟೇ ಅದರ ಲಾಭ. ನಿಜವಾದ ಕೆಲಸ ಮಾಡುವುದು ದೀಪ ಕೂತಿರುವ ಎತ್ತರ ಮತ್ತು ಅದು ಬೀರುವ ಅಗಲವಾದ, ಚಪ್ಪಟೆಯಾದ ಬೆಳಕು. ಬಂಪರಿನ ಕೆಳಗಿದ್ದು ರಸ್ತೆಯ ಅಂಚಿನ ಬಿಳಿಗೆರೆ ತೋರಿಸಿದರೆ ಅದು ಫಾಗ್ ಲ್ಯಾಂಪು. ಅದನ್ನೇ ಬಾನೆಟ್ಟಿನ ಮೇಲೋ ಮಾಡಿನ ಮೇಲೋ ಕಟ್ಟಿದರೆ ಕಾವಳದ ಬಿಳಿ ಗೋಡೆಯೊಂದು ಚಾಲಕನ ಕಣ್ಣೆದುರು ಎದ್ದು ನಿಲ್ಲುತ್ತದೆ.

ಹಳದಿ ಫಾಗ್ ಲ್ಯಾಂಪ್ ಬೇಕೆನ್ನುವವರು ಗೂಡಿನ ಮೇಲೆ ಬರೆದಿರುವ ಬಲ್ಬಿನ ಮಾದರಿಯನ್ನೇ, ಎಚ್8 ಇದ್ದರೆ 35 ವಾಟಿನ ಎಚ್8, ಎಚ್11 ಇದ್ದರೆ 55 ವಾಟಿನ ಎಚ್11, ಅಷ್ಟೇ ವಾಟಿನಲ್ಲಿ ಹಳದಿಯದನ್ನು ಕೊಳ್ಳಬೇಕು. ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ಬಿಸಿ ಹೆಚ್ಚಾಗಿ ಬಲ್ಬು ಬೇಗ ಸಾಯುತ್ತದೆ. ಕಂಪನಿಯ ಫಾಗ್ ಲ್ಯಾಂಪ್ ಇಲ್ಲದ ಗಾಡಿಗೆ ಹೊಸದಾಗಿ ಹಾಕುವುದಾದರೆ 55 ವಾಟಿನ ಜೋಡಿಗೆ 2.5 ಚದರ ಮಿಲಿಮೀಟರ್ ವೈರ್, ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್, 30 ಆಂಪಿಯರ್ ರಿಲೇ ಇರಬೇಕು. ರಿಲೇಯ 30ನೇ ಪಿನ್ನಿಗೆ ಫ್ಯೂಸಿನಿಂದ ಬಂದ ವೈರ್, 87ಕ್ಕೆ ದೀಪ, 85ಕ್ಕೆ ಅರ್ಥ್, 86ಕ್ಕೆ ಸ್ವಿಚ್. ಆ ಸ್ವಿಚ್ಚಿಗೆ ಕರೆಂಟನ್ನು ಪಾರ್ಕಿಂಗ್ ಲೈಟಿನಿಂದ ತೆಗೆದುಕೊಂಡರೆ ಗಾಡಿ ನಿಲ್ಲಿಸಿದಾಗ ಮರೆತು ಬ್ಯಾಟರಿ ಇಳಿಯುವುದಿಲ್ಲ. ಕಾವಳ ಸರಿದ ಮೇಲೆ ಆರಿಸಬೇಕು. ಕಡೂರಿನ ಬಯಲು ರಸ್ತೆಯಲ್ಲಿ ಉರಿಸಿಕೊಂಡು ಹೋಗಲು ಅದನ್ನು ಕೊಟ್ಟಿಲ್ಲ.

ಹಿಂದಿನ ದೀಪಗಳಲ್ಲಿ ಆಗುವ ತಪ್ಪುಗಳು ಸಣ್ಣವಾಗಿ ಕಂಡರೂ ಹೆಚ್ಚು ಅಪಾಯದವು. ಪಾರದರ್ಶಕ ಲೆನ್ಸಿನ ಇಂಡಿಕೇಟರಿಗೆ ಕಿತ್ತಳೆ ಬಳಿದ ಪಿವೈ21ಡಬ್ಲ್ಯೂ ಬಲ್ಬು ಬೇಕು. ಬಣ್ಣವಿಲ್ಲದ ಪಿ21ಡಬ್ಲ್ಯೂ ತಪ್ಪಿಯೂ ಅಲ್ಲಿ ಕೂರಬಾರದೆಂದೇ ಎರಡರ ಬದಿಯ ಮೊಳೆಗಳನ್ನು ಬೇರೆ ಬೇರೆ ಕೋನದಲ್ಲಿ ಇಟ್ಟಿದ್ದಾರೆ. ಆ ಮೊಳೆಯನ್ನು ಅರದಿಂದ ಉಜ್ಜಿ ಕೂರಿಸಿದವರ ಗಾಡಿಯಲ್ಲಿ ಇಂಡಿಕೇಟರ್ ಬಿಳಿಯಾಗುತ್ತದೆ. ಹಳೆಯ ಪಿವೈ ಬಲ್ಬಿನ ಬಣ್ಣ ಸುಲಿದುಹೋದರೂ ಅದೇ ಕತೆ. ಅಂಥದ್ದನ್ನು ಉರಿಯುತ್ತಿದ್ದರೂ ಬದಲಿಸಬೇಕು.

ಬ್ರೇಕ್ ಮತ್ತು ಟೈಲ್ ಲೈಟಿಗೆ ಒಂದೇ ಬಲ್ಬಿರುವ ಕಡೆ 5 ವಾಟ್ ಸದಾ ಉರಿಯುತ್ತದೆ, ಬ್ರೇಕ್ ಒತ್ತಿದಾಗ 21 ವಾಟ್. ಹಿಂದಿನವನಿಗೆ ಎಚ್ಚರಿಕೆ ಕೊಡುವುದು ಈ ನಾಲ್ಕು ಪಟ್ಟು ವ್ಯತ್ಯಾಸ. ಅಗ್ಗದ ಎಲ್‌ಇಡಿಗಳಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಪ್ರಕಾಶದಲ್ಲಿ ಉರಿಯುತ್ತವೆ. ಮಂಜಿನಲ್ಲಿ ಬ್ರೇಕ್ ಒತ್ತಿದ್ದು ಯಾರಿಗೂ ತಿಳಿಯುವುದಿಲ್ಲ. ಕೆಂಪು ಲೆನ್ಸಿನ ಹಿಂದೆ ಬಿಳಿ ಎಲ್‌ಇಡಿ ಹಾಕುವುದು ಮತ್ತೊಂದು ತಪ್ಪು. ಬಿಳಿ ಎಲ್‌ಇಡಿಯಲ್ಲಿ ಕೆಂಪಿನ ಅಂಶ ಕಡಿಮೆ, ಲೆನ್ಸ್ ದಾಟಿದ ಮೇಲೆ ಗುಲಾಬಿ ಛಾಯೆಯ ಬಡಬೆಳಕು ಉಳಿಯುತ್ತದೆ. ಇನ್ನು ಸ್ಮೋಕ್ ಫಿಲ್ಮಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೆಟ್ಟು ನಿಂತ ಗಾಡಿಯನ್ನು ಕತ್ತಲಲ್ಲಿ ತೋರಿಸುವ ಕೆಂಪು ರಿಫ್ಲೆಕ್ಟರನ್ನೂ ಅದು ಕುರುಡು ಮಾಡುತ್ತದೆ.

ಇಂಡಿಕೇಟರಿಗೆ ಎಲ್‌ಇಡಿ ಹಾಕಿದಾಗ ಪಟಪಟನೆ ಮಿನುಗುವುದಕ್ಕೂ ಕಾರಣವಿದೆ. 21 ವಾಟಿನ ಬಲ್ಬು 1.75 ಆಂಪಿಯರ್ ಎಳೆಯಬೇಕಾದ ಕಡೆ ಎಲ್‌ಇಡಿ ತೀರಾ ಕಡಿಮೆ ಎಳೆಯುತ್ತದೆ. ಬಲ್ಬು ಹೋಗಿದೆ ಎಂದು ಇಂಡಿಕೇಟರನ್ನು ಮಿನುಗಿಸುವ ಫ್ಲ್ಯಾಷರ್ ತಿಳಿದು, 120ರ ಮಿತಿ ಮೀರಿ ಮಿನುಗಿಸುತ್ತದೆ. ಅದಕ್ಕೆ ಸಮಾನಾಂತರವಾಗಿ 6 ಓಮ್, 50 ವಾಟಿನ ರೆಸಿಸ್ಟರ್ ಹಾಕುತ್ತಾರೆ. ಉರಿಯುವಾಗ ಅದು 2 ಆಂಪಿಯರಿಗೂ ಹೆಚ್ಚು ಎಳೆದು 30 ವಾಟಿನಷ್ಟು ಶಾಖ ಕಾರುತ್ತದೆ. ಅದನ್ನು ತಗಡಿಗೆ ಸ್ಕ್ರೂ ಹಾಕಿ ಬಿಗಿಯದೆ ಡಿಕ್ಕಿಯ ಒಳಗಿನ ಕಾರ್ಪೆಟ್ಟಿಗೋ ವೈರಿನ ಕಟ್ಟಿಗೋ ಟೇಪು ಸುತ್ತಿ ಬಿಟ್ಟರೆ ಹಜಾರ್ಡ್ ಲೈಟ್ ಉರಿಸಿ ಅರ್ಧ ಗಂಟೆ ನಿಂತಾಗ ಪ್ಲಾಸ್ಟಿಕ್ ಕರಗುತ್ತದೆ. ನಮ್ಮ ಸಲಹೆ ಕೇಳುವುದಾದರೆ ಇಂಡಿಕೇಟರನ್ನು ಮಾಮೂಲಿ ಬಲ್ಬಿನಲ್ಲೇ ಬಿಡಿ.

ಯಾವ ಬಲ್ಬು ಹಾಕಿದರೂ ಹೆಡ್‌ಲೈಟಿನ ಕೋನ ನೋಡದೆ ಗಾಡಿ ಹೊರಬಿಡಬಾರದು. ನಿಯಮ 106 ಕಣ್ಣು ಕುಕ್ಕದಂತೆ ಬೆಳಕನ್ನು ಕೆಳಕ್ಕೆ ಇಳಿಸಬೇಕೆನ್ನುತ್ತದೆ. ಸಮತಟ್ಟು ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರಕ್ಕೆ ಕಾರು ನಿಲ್ಲಿಸಿ, ಟೈರಿನ ಗಾಳಿ ಸರಿಯಿರಲಿ, ಚಾಲಕನ ಸೀಟಿನಲ್ಲಿ ಒಬ್ಬರು ಕೂತಿರಲಿ, ಬೆಳಕಿನ ಎತ್ತರ ಹೊಂದಿಸುವ ಗುಂಡಿ ಸೊನ್ನೆಯಲ್ಲಿರಲಿ. ಬಲ್ಬಿನ ನಡುಮಟ್ಟದ ಎತ್ತರವನ್ನು ಗೋಡೆಯ ಮೇಲೆ ಗುರುತು ಮಾಡಿ. ಹೆಡ್‌ಲೈಟಿನ ಬಳಿ ಶೇ. 1 ಎಂದು ಅಚ್ಚು ಹಾಕಿದ್ದರೆ ಡಿಮ್ಮಿನ ಮೇಲ್ಗೆರೆ ಆ ಗುರುತಿಗಿಂತ 10 ಸೆಂಟಿಮೀಟರ್ ಕೆಳಗೆ ಬೀಳಬೇಕು. ನಾವು ಎಡಗಡೆ ಓಡಿಸುವುದರಿಂದ ಗೆರೆ ಎಡಕ್ಕೆ ಮಾತ್ರ ಸ್ವಲ್ಪ ಮೇಲೇರಬಹುದು, ಬಲಕ್ಕೆ ಏರಕೂಡದು. ಗೋಡೆಯ ಮೇಲೆ ಗೆರೆಯೇ ಮೂಡದೆ ಬೆಳಕು ಮೋಡದಂತೆ ಹರಡಿದರೆ ಆ ಬಲ್ಬು ಆ ಗೂಡಿಗೆ ಸಲ್ಲದ್ದು. ಇದಕ್ಕೆ ಯಂತ್ರ ಬೇಡ, ಗೋಡೆ ಮತ್ತು ಸೀಮೆಸುಣ್ಣ ಸಾಕು.

ಇಷ್ಟು ಹೇಳಿ ನಮ್ಮ ಮನವಿಗೆ ಬರುತ್ತೇವೆ.

ಟ್ಯಾಕ್ಸಿ, ಲಾರಿಗಳು ಎಫ್‌ಸಿಗೆಂದು (ವಾಹನದ ಅರ್ಹತಾ ಪತ್ರ) ತಮ್ಮ ಮುಂದೆ ಬಂದು ನಿಲ್ಲುತ್ತವೆ. ಸ್ವಂತ ಬಳಕೆಯ ಕಾರು ಹಾಗಲ್ಲ, ಒಮ್ಮೆ ನೋಂದಣಿಯಾದರೆ 15 ವರ್ಷ ಅದನ್ನು ಯಾರೂ ಪರೀಕ್ಷಿಸುವುದಿಲ್ಲ. ಬಣ್ಣಗೆಟ್ಟ ದೀಪಗಳು ಹೆಚ್ಚಿರುವುದು ಅಲ್ಲೇ. ಆದ್ದರಿಂದ ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲಿ, ಪ್ರತಿ ತಾಲೂಕು ಕೇಂದ್ರದಲ್ಲಿ ಒಂದು ದಿನ ಉಚಿತ ದೀಪ ತಪಾಸಣೆ ಏರ್ಪಡಿಸಿ. ಗುರುತು ಹಾಕಿದ ಒಂದು ಗೋಡೆ ಕೊಡಿ, ಸ್ಕ್ರೂ ತಿರುಗಿಸುವ ಕೆಲಸಕ್ಕೆ ನಾವು ಬರುತ್ತೇವೆ, ಕೂಲಿ ಕೇಳುವುದಿಲ್ಲ.

ಅಂಗಡಿಗಳ ಮೇಲೂ ಕಣ್ಣಿಡಿ. ಅನುಮತಿಯಿಲ್ಲದೆ ಬದಲಾವಣೆ ಮಾಡಿಸಿದ ಮಾಲೀಕನಿಗೆ 2019ರ ತಿದ್ದುಪಡಿಯ ಕಲಂ 182ಎ ಅಡಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದಿದೆ. ನಿರ್ಣಾಯಕ ಸುರಕ್ಷತಾ ಭಾಗವೆಂದು ಅಧಿಸೂಚಿಸಿದ್ದನ್ನು ಮಾನದಂಡಕ್ಕೆ ಹೊಂದದಿದ್ದರೂ ಮಾರುವವನಿಗೆ ಅದೇ ಕಲಮಿನಲ್ಲಿ ಪ್ರತಿ ಭಾಗಕ್ಕೆ ಒಂದು ಲಕ್ಷ ದಂಡವಿದೆ. ಮಾರುವವನ ಮೇಲಿನ ಆ ಭಾಗವನ್ನೂ ಜಾರಿಗೆ ತನ್ನಿ. ಬಿಲ್ಲಿನ ಮೇಲೆ ಬಲ್ಬಿನ ಮಾದರಿ, ವಾಟ್, ವೃತ್ತದೊಳಗೆ ‘ಇ’ ಅಕ್ಷರವಿರುವ ಅನುಮೋದನೆ ಗುರುತಿನ ಸಂಖ್ಯೆ ಬರೆಯುವುದನ್ನು ಕಡ್ಡಾಯ ಮಾಡಿದರೆ ಅರ್ಧ ಮೋಸ ತಾನಾಗಿ ನಿಲ್ಲುತ್ತದೆ.

2024ರ ಜುಲೈನಲ್ಲಿ ಕಣ್ಣು ಕೋರೈಸುವ ದೀಪಗಳ ವಿರುದ್ಧ ರಾಜ್ಯ ಪೊಲೀಸರು ನಡೆಸಿದ ಕಾರ್ಯಾಚರಣೆಯನ್ನು ನಾವು ಸ್ವಾಗತಿಸಿದವರು. ಅಂಥ ಕಾರ್ಯಾಚರಣೆ ಮತ್ತೆ ಕೈಗೊಂಡಾಗ ರಸ್ತೆಯಲ್ಲಿ ನಿಲ್ಲುವ ಸಿಬ್ಬಂದಿಯ ಕೈಗೆ ಒಂದು ಪುಟದ ಚೀಟಿ ಕೊಡಿ: ಕಂಪನಿಯ ಎಲ್‌ಇಡಿ ಡೂಮ್ ತಪ್ಪಲ್ಲ, ಹಳದಿ ಫಾಗ್ ಲ್ಯಾಂಪ್ ತಪ್ಪಲ್ಲ, ಬಿಳಿ ಇಂಡಿಕೇಟರ್ ತಪ್ಪು, ಮುಂದಿನ ಕೆಂಪು ತಪ್ಪು, ಸ್ಮೋಕ್ ಮಾಡಿದ ಬ್ರೇಕ್ ಲೈಟ್ ತಪ್ಪು. ಅರಿಯದೆ ಹಾಕಿಸಿಕೊಂಡು ತಾವಾಗಿ ಮೊದಲಿನಂತೆ ಮಾಡಿಸಿಕೊಳ್ಳಲು ಬರುವವರಿಗೆ ಹದಿನೈದು ದಿನದ ಕಾಲಾವಕಾಶ ಇರಲಿ. ಕೆಂಪು–ನೀಲಿ ಮಿಂಚುದೀಪ ಹಾಕಿದವರಿಗೆ ಆ ರಿಯಾಯಿತಿ ಬೇಡ, ಅದನ್ನು ಯಾರೂ ಅರಿಯದೆ ಹಾಕಿಸುವುದಿಲ್ಲ.

ಕೊನೆಯದಾಗಿ, ಕೈಮರದ ತಪಾಸಣಾ ಠಾಣೆಯಲ್ಲೂ ಕೊಟ್ಟಿಗೆಹಾರದಲ್ಲೂ ಕನ್ನಡದಲ್ಲಿ ಒಂದೊಂದು ಫಲಕ ಹಾಕಿಸಿ. ಪರ ಊರಿನಿಂದ ಬರುವ ಚಾಲಕರು ಕಾವಳಕ್ಕೆ ಇಳಿಯುವ ಮೊದಲು ಗಾಡಿಯಿಂದ ಇಳಿದು, ಹಿಂದಿನ ದೀಪಗಳನ್ನು ಕೈಯಿಂದ ಒರೆಸಿ, ಕೆಂಪು ಕೆಂಪಾಗಿಯೇ ಉರಿಯುತ್ತಿದೆಯೇ ಎಂದು ಒಮ್ಮೆ ನೋಡಿಕೊಳ್ಳಲಿ. ಫಲಕದ ಒಕ್ಕಣೆ ಬರೆದುಕೊಡಲು ನಾವು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಚಿಕ್ಕಮಗಳೂರು ಮತ್ತು ಮೂಡಿಗೆರೆಯ ವಾಹನ ವೈರಿಂಗ್ ಕೆಲಸಗಾರರು